ಮಾವನ ಕಾಫಿಯಿಂದ ಶುರು ಮಾಡಿ

ನಮಸ್ಕಾರ. ಹಾರಿಸಿದ ಖಾಲಿ ತೋಟಾಗಳನ್ನು ಮತ್ತೆ ತುಂಬಲು ಬಳಸುವ ಹಳೇ ರೀಲೋಡಿಂಗ್ ಪ್ರೆಸ್ ರಿಪೇರಿ ಮಾಡಿದ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರುತ್ತಿಲ್ಲ.

ಮೊದಲ ಮೂರು ಪುಟ ತೆಗೆಯಿರಿ. ಮದ್ದುಗುಂಡಿನ ಇತಿಹಾಸ ಯಾರು ಬೇಕಾದರೂ ಬರೆಯುತ್ತಾರೆ. ಬಳ್ಳಾರಿ ಕೌಲ್ ಬಜಾರಿನ ಜೀನ್ಸ್ ಯೂನಿಟ್ಟುಗಳಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವ ಹುಡುಗ, ಅಮೆರಿಕದ ಸೋದರಮಾವನ ಶೆಡ್ಡಿನಲ್ಲಿ ಕೂತು, ಅವರು ಗುಜರಿ ರೇಟಿಗೆ ತಂದಿದ್ದ ತುಕ್ಕು ಹಿಡಿದ ಪ್ರೆಸ್ ಬಿಚ್ಚಿದ್ದನ್ನು ನಿಮ್ಮನ್ನು ಬಿಟ್ಟರೆ ಯಾರು ಬರೆಯಬೇಕು? ಅದು ನಾಲ್ಕನೇ ಪುಟದವರೆಗೂ ಬರುವುದೇ ಇಲ್ಲ. ಇಂಥ ಪ್ರೆಸ್ ಮಾಡುವ ಆರ್‌ಸಿಬಿಎಸ್ ಕಂಪನಿಯ ಹೆಸರಿನ ಕಥೆ ಮಾತ್ರ ಇರಲಿ. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಫ್ರೆಡ್ ಹಂಟಿಂಗ್‌ಟನ್ ಶುರು ಮಾಡಿದ ಕಂಪನಿಗೆ, ಅಳಿಲಿನ ಜಾತಿಯ 'ರಾಕ್ ಚಕ್' ಎಂಬ ಪ್ರಾಣಿಯ ಬೇಟೆಗೆ ಬುಲೆಟ್ ಒತ್ತುವ ಡೈಯಿಂದ, ಅಂದರೆ 'ರಾಕ್ ಚಕ್ ಬುಲೆಟ್ ಸ್ವೇಜ್' ಎಂಬ ಅಚ್ಚಿನಿಂದ, ಹೆಸರು ಬಂತು ಅನ್ನೋದು ಮಜಾ ಇದೆ.

ಇನ್ನೊಂದು, ಪ್ರೆಸ್ ಅಂದರೆ ಏನು ಅಂತ ನೀವು ಎಲ್ಲೂ ಹೇಳಿಲ್ಲ. ಸಿರುಗುಪ್ಪದಲ್ಲಿ ಓದುವವರು ಪ್ರಿಂಟಿಂಗ್ ಪ್ರೆಸ್ ಅಂದುಕೊಳ್ಳುತ್ತಾರೆ. ಪ್ಯಾಂಟಿಗೆ ಬಟನ್ ಹೊಡೆಯುವ ಕೈ ಮಷಿನ್ ಇದೆಯಲ್ಲ, ಅದರ ಅಣ್ಣ ಅನ್ನಿ. ಹ್ಯಾಂಡಲ್ ಎಳೆದರೆ ರಾಮ್ ಅನ್ನುವ ದಪ್ಪ ಸರಳು ಮೇಲೆ ಹೋಗಿ, ಹಿತ್ತಾಳೆಯ ಖಾಲಿ ತೋಟಾವನ್ನು ಡೈಯೊಳಗೆ ನುಗ್ಗಿಸುತ್ತದೆ. ಅಷ್ಟು ಸಾಕು.

ಈಗ ಆರನೇ ಪುಟ. 'ಧ್ರುವಗಳ ವ್ಯತ್ಯಯದಿಂದ ಕಿಂಚಿತ್ ಹಾನಿ ಸಂಭವಿಸಿತು.' ಏನಿದು ಅಂತ ಫೋನ್ ಮಾಡಿ ಕೇಳಿದರೆ ನೀವು ನಕ್ಕು ಹೇಳಿದಿರಿ: ತುಕ್ಕು ಬಿಡಿಸಲು ಬಕೆಟ್ಟಿನಲ್ಲಿ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್, ಕೆಂಪು ವೈರು ಗುಜರಿ ಕಬ್ಬಿಣಕ್ಕೆ ಹಾಕಿ ಕಪ್ಪು ವೈರು ಪ್ರೆಸ್ಸಿನ ಲಿಂಕಿಗೆ, ಅಂದರೆ ಹ್ಯಾಂಡಲ್ಲಿಗೂ ರಾಮ್‌ಗೂ ನಡುವಿನ ಕೊಂಡಿಗೆ, ಹಾಕಬೇಕಿತ್ತು, ನಿದ್ದೆಗಣ್ಣಲ್ಲಿ ಉಲ್ಟಾ ಹಾಕಿ ಮಲಗಿದೆ, ಬೆಳಿಗ್ಗೆ ನೋಡಿದರೆ ಗುಜರಿ ತುಂಡು ಚೊಕ್ಕ, ಲಿಂಕಿನ ಅಂಚೆಲ್ಲ ಇಲಿ ಕಡಿದ ಹಾಗೆ, ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಒಂದು ಮಾತೂ ಆಡದೆ ಕಾಫಿ ಮಾಡಲು ಒಳಗೆ ಹೋದರು ಅಂತ. ಅಲ್ರೀ, ಇಷ್ಟು ಚೆಂದ ಹೇಳುವವರು ಬರೆಯುವಾಗ 'ವ್ಯತ್ಯಯ' ಯಾಕೆ? ಫೋನಿನಲ್ಲಿ ಹೇಳಿದ್ದನ್ನೇ ಬರೆಯಿರಿ. ಜೊತೆಗೆ, ಗುಜರಿ ತುಂಡಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ನೀರಿಗೆ ವಿಷದ ಕ್ರೋಮಿಯಂ ಸೇರುತ್ತದೆ, ಗುಳ್ಳೆಯಾಗಿ ಏಳುವ ಹೈಡ್ರೋಜನ್ನಿಗೆ ಬೆಂಕಿ ಹತ್ತಬಹುದು, ಹಾಗಾಗಿ ಗಾಳಿಯಾಡುವ ಕಡೆ ಇಡಬೇಕು ಅನ್ನೋದನ್ನೂ ಸೇರಿಸಿ.

ಎರಡು ಕಡೆ ನಿಮ್ಮ ಜೊತೆ ಜಗಳವಿದೆ. ರಾಮ್‌ಗೆ ಎಮರಿ ಹಾಕಿ ಫಳಫಳ ಹೊಳೆಸಿದೆ ಅಂತ ಬರೆದಿದ್ದೀರಿ. ಅದು ತನ್ನ ತೂತಿನಲ್ಲಿ ಬಿಗಿಯಾಗಿ ಕೂರುವ ಭಾಗ. ಉಜ್ಜಿ ಸವೆಸಿದರೆ ಅಲ್ಲಾಡುತ್ತದೆ, ತೋಟಾ ಡೈಗೆ ನೇರ ಹೋಗುವುದಿಲ್ಲ. ಹೊಲಿಗೆ ಮಷಿನ್ನಿನ ಸೂಜಿ ರಾಡಿಗೆ ನೀವು ಎಮರಿ ಹಾಕುತ್ತೀರಾ? ಎಣ್ಣೆಯಲ್ಲಿ ನೆನೆಸಿ, ನಯವಾದ ಸ್ಟೀಲ್ ವುಲ್ ಸಾಕಿತ್ತು. ಇನ್ನು ಕಪ್ಪು ಮಸಿಯನ್ನು 'ಊದಿ ತೆಗೆದೆ' ಅಂತಿದೆಯಲ್ಲ, ಅದು ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಉರಿದ ಮಸಿ, ಅದರಲ್ಲಿ ಸೀಸ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ಸೋಪಿನಲ್ಲಿ ತೊಳೆಯಬೇಕು. ಓದಿದವರು ನಿಮ್ಮ ಹಾಗೇ ಮಾಡುತ್ತಾರೆ, ನೆನಪಿರಲಿ.

ಕಾನೂನಿನ ಮಾತು ಒಂದೇ ಸಾಲು: ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಉಪದೇಶ ಬೇಡ.

ನಾಲ್ಕು ಪುಟಕ್ಕೆ ಇಳಿಸಿ, ಮಾವ ಕಾಫಿಗೆ ಎದ್ದು ಹೋದಲ್ಲಿಂದಲೇ ಶುರು ಮಾಡಿ ನೋಡಿ. ಮತ್ತೆ ಫೋಟೋ. ಬಣ್ಣ ಹೊಡೆದ ಮೇಲಿನದ್ದು ಚೆನ್ನಾಗಿದೆ, ಇರಲಿ, ಆದರೆ ನನಗೆ ಆ ತಿಂದುಹೋದ ಲಿಂಕಿನದ್ದು ಬೇಕು. ಮಾವ ಅದನ್ನು ಎಸೆಯುವ ಮೊದಲು ತೆಗೆಸಿ ಕಳಿಸಿ.