ಟೌನ್ ಸೆಂಟರ್ ಖಾಲಿ ಕೂತಿದೆ, ನೋಡಿದ್ರಾ?

ಪ್ರಶ್ನೆ: ಸರ್, ನಾನು ಏಜ್ ಆಫ್ ಎಂಪೈರ್ಸ್ 2 ಅನ್ನೋ ಕಂಪ್ಯೂಟರ್ ಯುದ್ಧತಂತ್ರದ ಆಟ ಆಡುತ್ತೇನೆ. ರೇಟಿಂಗ್ 1000ದ ಆಸುಪಾಸಿನಲ್ಲೇ ಗಿರಕಿ ಹೊಡೆಯುತ್ತಿದೆ. ದೊಡ್ಡ ಆಟಗಾರರ ಬಿಲ್ಡ್ ಆರ್ಡರ್ (ಯಾವುದನ್ನು ಯಾವಾಗ ಕಟ್ಟಬೇಕು ಅನ್ನೋ ಕ್ರಮ) ಬಾಯಿಪಾಠ ಆಗಿದೆ. ಆದರೂ ಯುದ್ಧದ ಹೊತ್ತಿಗೆ ಬಿಲ್ಲುಗಾರರು ಸಾಲುವುದೇ ಇಲ್ಲ. ಸೋತರೆ ಗೆಲ್ಲುವವರೆಗೂ ಇನ್ನೊಂದು, ಮತ್ತೊಂದು ಅಂತ ಆಡುತ್ತಲೇ ಇರುತ್ತೇನೆ. ಏನು ಮಾಡಲಿ?

ಉತ್ತರ: ಬಿಲ್ಲುಗಾರರ ವಿಷಯ ಆಮೇಲೆ. ಕೊನೆಯ ಸಲ ಸೋತ ಆಟದ ರಿಪ್ಲೇ ತೆಗೆಯಿರಿ. ಯುದ್ಧ ನೋಡಬೇಡಿ. ಆಟದ ಮೂರನೇ ಹಂತವಾದ ಕ್ಯಾಸಲ್ ಏಜ್‌ವರೆಗೆ ವಿಲೇಜರ್‌ಗಳನ್ನು, ಅಂದರೆ ಕೆಲಸಗಾರರನ್ನು, ಹುಟ್ಟಿಸುವ ನಿಮ್ಮ ಟೌನ್ ಸೆಂಟರ್ ಕಟ್ಟಡ ಒಂದನ್ನೇ ನೋಡಿ. ಅದು ಸುಮ್ನೆ ಕೂತಾಗಲೆಲ್ಲ ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳಿ. ಎರಡನೇ ಹಂತವಾದ ಫ್ಯೂಡಲ್ ಏಜ್‌ಗೆ ಏರುವ 130 ಸೆಕೆಂಡ್ ಬಿಟ್ಟುಬಿಡಿ, ಆಗ ಅದಕ್ಕೆ ಬೇರೆ ಕೆಲಸ ಇರುತ್ತದೆ.

ಒಬ್ಬ ವಿಲೇಜರ್‌ಗೆ 50 ಆಹಾರ, 25 ಸೆಕೆಂಡ್. ಅಲ್ಲಲ್ಲಿ ಹತ್ತು, ಇಪ್ಪತ್ತು ಸೆಕೆಂಡ್ ತಪ್ಪಿ ಒಟ್ಟು ಎರಡು ನಿಮಿಷ ಹೋಯಿತು ಅಂದುಕೊಳ್ಳಿ. ಐದು ಜನ ಹುಟ್ಟಲೇ ಇಲ್ಲ. ಒಬ್ಬ ನಿಮಿಷಕ್ಕೆ ಸುಮಾರು 20 ಮರವನ್ನೋ ಆಹಾರವನ್ನೋ ಚಿನ್ನವನ್ನೋ ತರುತ್ತಾನೆ, ಐವರದ್ದು ಸೇರಿ 100. ಒಬ್ಬ ಬಿಲ್ಲುಗಾರನ ಬೆಲೆ 25 ಮರ, 45 ಚಿನ್ನ. ಅಂದರೆ ಪ್ರತಿ ನಿಮಿಷ ಒಬ್ಬ ಬಿಲ್ಲುಗಾರನಿಗಿಂತ ಜಾಸ್ತಿ ಕೈತಪ್ಪುತ್ತಿದೆ. ಯುದ್ಧದಲ್ಲಿ ಸಾಲದೇ ಬಂದವರು ಇವರೇ.

ಈಗ ಪ್ರತಿ ಖಾಲಿ ಹೊತ್ತಿನ ಮುಂದೆ ಕಾರಣ ಬರೆಯಿರಿ. ಮನೆ ಕಟ್ಟಿರಲಿಲ್ಲವಾ? 25 ಮರಕ್ಕೆ ಐದು ಜನರ ಜಾಗ ಸಿಗುತ್ತದೆ, ಆದರೂ ಎಲ್ಲರೂ ಮರೆಯುವುದು ಇದನ್ನೇ. ಆಹಾರ ಮುಗಿದಿತ್ತಾ? ಇಲ್ಲಾ, ನಿಮ್ಮ ಕಣ್ಣು ಬೇಹುಗಾರ ಸ್ಕೌಟ್ ಹಿಂದೆ ಹೋಗಿತ್ತಾ? ನಿಮ್ಮ ರೇಟಿಂಗ್‌ನಲ್ಲಿ ಮೂರನೆಯದೇ ಜಾಸ್ತಿ ಅಂತ ನನ್ನ ಅನುಮಾನ. ಎದುರಾಳಿಯ ಒಂದು ಕುರಿ ಕದಿಯೋಕೆ ಅರ್ಧ ನಿಮಿಷ ಓಡಾಡಿ, ಇಲ್ಲಿ ಒಬ್ಬ ವಿಲೇಜರ್‌ನನ್ನೇ ಕಳೆದುಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಯಾವ ಕಾರಣ ಜಾಸ್ತಿ ಸಲ ಬಂದಿದೆಯೋ ಅದೊಂದನ್ನೇ ಹಿಡಿದು ಆಡಿ. ಬೇರೆಲ್ಲ ಹಾಳಾದರೂ ಪರವಾಗಿಲ್ಲ. ರೇಟಿಂಗ್ ಸ್ವಲ್ಪ ಇಳಿಯಬಹುದು, ಇಳಿಯಲಿ. ನಿಮ್ಮ ಮಟ್ಟದವರನ್ನೇ ಹುಡುಕಿ ಎದುರು ಕೂರಿಸೋದು ಈ ವ್ಯವಸ್ಥೆಯ ಕೆಲಸ. ರೇಟಿಂಗ್ ಒಂದು ಕಡೆ ನಿಂತ ಮೇಲೆ ಹೆಚ್ಚುಕಡಿಮೆ ಅರ್ಧ ಆಟ ಸೋಲೇ. ಅದಕ್ಕೆಲ್ಲ ತಲೆ ಬಿಸಿ ಮಾಡಿಕೊಂಡರೆ ಹೇಗೆ?

ಎರಡು ಸಲ ಒಂದರ ಹಿಂದೊಂದು ಸೋತರೆ ಅವತ್ತಿಗೆ ರೇಟಿಂಗ್ ಲೆಕ್ಕಕ್ಕೆ ಬರುವ ರ‍್ಯಾಂಕ್ಡ್ ಸಾಕು. ಮೂರನೆಯದಕ್ಕೆ ಕೂತವರಿಗೆ ಎದುರಾಳಿ ಏನು ಕಟ್ಟುತ್ತಿದ್ದಾನೆ ಅಂತ ನೋಡುವ ತಾಳ್ಮೆಯೂ ಇರುವುದಿಲ್ಲ. ಕೈ ತುರಿಸಿದರೆ ಕಂಪ್ಯೂಟರ್ ಎದುರು ಆಡಿ.

ಪ್ರಶ್ನೆ: ಸ್ಟಾರ್‌ಕ್ರಾಫ್ಟ್ 2ರಲ್ಲಿ ನನ್ನ ಬೆರಳು ಬಹಳ ನಿಧಾನ. ಎಪಿಎಂ (ನಿಮಿಷಕ್ಕೆ ಎಷ್ಟು ಸಲ ಕ್ಲಿಕ್ ಮಾಡುತ್ತೇವೆ, ಕೀ ಒತ್ತುತ್ತೇವೆ ಅನ್ನೋ ಲೆಕ್ಕ) ಜಾಸ್ತಿ ಮಾಡಿಕೊಳ್ಳುವುದು ಹೇಗೆ?

ಉತ್ತರ: 2019ರ ಜನವರಿಯಲ್ಲಿ ಡೀಪ್‌ಮೈಂಡ್‌ನ ಆಲ್ಫಾಸ್ಟಾರ್ ಅನ್ನೋ ಎಐ ಪ್ರೋಗ್ರಾಂ ಪೋಲೆಂಡ್‌ನ ವೃತ್ತಿಪರ ಆಟಗಾರ ಮಾನಾ ಜೊತೆ ನೇರಪ್ರಸಾರದಲ್ಲಿ ಆಡಿತ್ತು, ಆ ಆಟ ಹುಡುಕಿ ನೋಡಿ. ಅದಕ್ಕೂ ಮುಂಚಿನ ಐದೂ ಆಟಗಳಲ್ಲಿ ಮಾನಾ ಸೋತಿದ್ದರು. ಇದರಲ್ಲಿ ಅವರು ವಾರ್ಪ್ ಪ್ರಿಸಂ ಅನ್ನೋ ಸೈನ್ಯ ಸಾಗಿಸುವ ವಿಮಾನದಲ್ಲಿ ಎರಡು ಇಮ್ಮಾರ್ಟಲ್ (ಭಾರೀ ಯುದ್ಧಯಂತ್ರ) ತುಂಬಿಕೊಂಡು ಆಲ್ಫಾಸ್ಟಾರ್‌ನ ನೆಲೆಯ ಅಂಚಿನಲ್ಲಿ ಇಳಿಸಿದರು. ಆಲ್ಫಾಸ್ಟಾರ್ ಇಡೀ ಸೈನ್ಯವನ್ನು ಮನೆಗೆ ಓಡಿಸಿತು. ಇವರು ಹತ್ತಿಸಿಕೊಂಡು ಜಾಗ ಖಾಲಿ ಮಾಡಿದರು. ಸೈನ್ಯ ಹೊರಟಿತು, ಇವರು ಮತ್ತೆ ಬಂದರು. ಅಷ್ಟರಲ್ಲಿ ಇತ್ತ ಮಾನಾ ಅವರ ಸೈನ್ಯ ಬೆಳೆಯುತ್ತಿತ್ತು. ಕೊನೆಗೆ ಅವರೇ ಗೆದ್ದರು.

ವೇಗಕ್ಕೇನೂ ಕೊರತೆ ಇರದ ಆಲ್ಫಾಸ್ಟಾರೇ ಹೀಗೆ ಸಿಕ್ಕಿಬಿತ್ತು. ಹಾಗಾಗಿ, ಒಂದೇ ಜಾಗದಲ್ಲಿ ಟಪಟಪ ಅಂತ ಆರು ಸಲ ಕ್ಲಿಕ್ ಮಾಡಿ ಏರಿಸಿಕೊಂಡ ಎಪಿಎಂ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ನಿಮ್ಮ ನೆಲೆಗಳು, ಸೈನ್ಯ ತಯಾರಾಗುವ ಕಟ್ಟಡಗಳು, ಇವನ್ನು ಕೀಬೋರ್ಡ್‌ನ ಒಂದೊಂದು ಹಾಟ್‌ಕೀಗೆ ಕಟ್ಟಿ. ಮೌಸ್‌ನಿಂದ ಕಟ್ಟಡ ಹುಡುಕಿ ಒತ್ತುವ ಅಭ್ಯಾಸ ಬಿಡಿ. ಬೆರಳು ತಾನಾಗಿ ಚುರುಕಾಗುತ್ತದೆ.

ಪ್ರಶ್ನೆ: ಗೆದ್ದ ಮೇಲೆ ನಾನು ಜಿಜಿ (ಗುಡ್ ಗೇಮ್) ಹೇಳಿದರೆ ಎದುರಾಳಿಗಳು ಬೈದು ಹೋಗುತ್ತಾರೆ.

ಉತ್ತರ: ಮ್ಯೂಟ್ ಮಾಡಿ. ಆದರೆ ಆ ಆಟದ ರಿಪ್ಲೇ ಅಳಿಸಬೇಡಿ. ಅವರ ಕಡೆಯಿಂದ ಒಮ್ಮೆ ನೋಡಿ. ನಿಮ್ಮ ದಾಳಿ ಅವರ ಕಣ್ಣಿಗೆ ಯಾವಾಗ ಬಿತ್ತು, ನೀವು ಇನ್ನೂ ಎಷ್ಟು ಬೇಗ ಹೊರಡಬಹುದಿತ್ತು ಅನ್ನೋದು ಅಲ್ಲಿ ಗೊತ್ತಾಗುತ್ತದೆ.