ಪೊಲೀಸರಿಗೆ ಬಂದ ಕೇಂದ್ರದ ಹಣ: ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಬೀದಿಯ ಕಂಬಕ್ಕೆ ಸೇಫ್ ಸಿಟಿ ಯೋಜನೆಯ ಕ್ಯಾಮೆರಾ ಹಾಕಿದ್ದಾರೆ. ಇದಕ್ಕೆ ಕೇಂದ್ರದ ಹಣವೂ ಬಂದಿದೆಯಂತೆ. ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಯಾರನ್ನು ಕೇಳಬೇಕು?
— ಓದುಗರು, ಮಲ್ಲೇಶ್ವರ

ಉತ್ತರ: ಈ ಹಣದ ಮೂಲ ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಇಟ್ಟಿರುವ ನಿರ್ಭಯಾ ನಿಧಿ. 2018ರಲ್ಲಿ ಎಂಟು ನಗರಗಳಿಗೆ ಯೋಜನೆ ಮಂಜೂರಾದಾಗ ಬೆಂಗಳೂರಿಗೆ ಒಪ್ಪಿದ ಮೊತ್ತ 667 ಕೋಟಿ ರೂಪಾಯಿ. ಅದರಲ್ಲಿ ಶೇ 60 ಕೇಂದ್ರದ್ದು, ಶೇ 40 ರಾಜ್ಯದ್ದು. ಪೊಲೀಸ್ ರಾಜ್ಯಪಟ್ಟಿಗೆ ಸೇರಿದ ವಿಷಯವಾದ್ದರಿಂದ ದೆಹಲಿಯ ಹಣ ರಾಜ್ಯ ಸರ್ಕಾರದ ಮೂಲಕವೇ ಬರುತ್ತದೆ. ಠಾಣೆಯವರ ಬಳಿ ಇದರ ಲೆಕ್ಕ ಇರುವುದಿಲ್ಲ. ಅಲ್ಲಿ ವಾದ ಮಾಡಿ ಸಮಯ ಕಳೆಯಬೇಡಿ.

ನಿಮಗೆ ಬೇಕಾದ ಕಾಗದ ಒಂದೇ: ಹಣ ಬಳಕೆ ಪ್ರಮಾಣಪತ್ರ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, 2017ರ ಪ್ರಕಾರ ರಾಜ್ಯ ಸರ್ಕಾರ ಇದನ್ನು 12-ಸಿ ನಮೂನೆಯಲ್ಲಿ ಕೊಡಬೇಕು. ಬಂದ ಅನುದಾನ, ಖರ್ಚು, ಉಳಿಕೆ ಮೂರೂ ಅದರಲ್ಲಿರುತ್ತವೆ. ಇದು ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಕೇಂದ್ರದ ಪಾಲಿರುವ ಯಾವ ಕೆಲಸ ತಡವಾದರೂ ನಾವು ಮೊದಲು ಹುಡುಕುವುದು ಇದನ್ನೇ.

ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಕಾಗದ ಒಳಾಡಳಿತ ಇಲಾಖೆಯಲ್ಲಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರಂತೆ 5 ದಿನದೊಳಗೆ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸುವುದು ಅವರ ಹೊಣೆ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಆಗುತ್ತದೆ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದಗಳ ಮಿತಿ. ಕ್ಯಾಮೆರಾ, ಗಸ್ತು ವಾಹನ, ತರಬೇತಿ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ತಿರಸ್ಕರಿಸಲು ಸುಲಭದ ನೆಪ ಸಿಗುತ್ತದೆ.

ಹೆಚ್ಚು ಅರ್ಜಿಗಳು ಸೋಲುವುದು ‘ಏಕೆ’ ಎಂಬ ಪ್ರಶ್ನೆಯಿಂದ. ಕಡತದಲ್ಲಿ ಇರುವುದನ್ನಷ್ಟೇ ಕೊಡಬೇಕೆನ್ನುತ್ತದೆ ಕಾಯ್ದೆ, ಕಾರಣ ವಿವರಿಸುವ ಹೊಣೆ ಅಧಿಕಾರಿಗಿಲ್ಲ. ಹೀಗೆ ಬರೆಯಿರಿ: ‘ಸೇಫ್ ಸಿಟಿ ಯೋಜನೆಗೆ ಇಂಥ ಆರ್ಥಿಕ ವರ್ಷದಲ್ಲಿ ಬಿಡುಗಡೆಯಾದ ಹಣದ ಆದೇಶಗಳು ಮತ್ತು 12-ಸಿ ನಮೂನೆಯ ಪ್ರಮಾಣಪತ್ರಗಳ ದೃಢೀಕೃತ ಪ್ರತಿ ಕೊಡಿ.’ ಕ್ಯಾಮೆರಾಗಳ ಜಾಗದ ಪಟ್ಟಿ ಕೇಳಬೇಡಿ, ಭದ್ರತೆಯ ಹೆಸರಲ್ಲಿ ಇಡೀ ಅರ್ಜಿಯೇ ಬಿದ್ದುಹೋಗಬಹುದು. ಗುತ್ತಿಗೆದಾರರ ವ್ಯಾಪಾರ ಗುಟ್ಟು ಎಂದು ನಿರಾಕರಿಸಿದರೆ ಕಲಂ 10 ಹಿಡಿಯಿರಿ: ಗೋಪ್ಯ ಭಾಗ ಬಿಟ್ಟು ಉಳಿದದ್ದನ್ನು ಕೊಡಲೇಬೇಕು. ಜನರ ದುಡ್ಡಿನ ಮೊತ್ತ ಯಾರ ಗುಟ್ಟೂ ಅಲ್ಲ.

30 ದಿನದಲ್ಲಿ ಉತ್ತರ ಬಾರದಿದ್ದರೆ ನಂತರದ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಅಂಚೆ ರಸೀದಿ ಜೋಪಾನ, ದಿನಗಳ ಲೆಕ್ಕಕ್ಕೆ ಅದೇ ಸಾಕ್ಷಿ.

ಪ್ರಶ್ನೆ: ಪೊಲೀಸರಿಗೆ ರಾಜ್ಯ ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದಾರೆಂದು ಮನೆಯಲ್ಲೇ ನೋಡಬಹುದೆ?
— ಓದುಗರು, ಜಯನಗರ

ಉತ್ತರ: ನೋಡಬಹುದು. ರಾಜ್ಯ ಹಣಕಾಸು ಇಲಾಖೆಯ ಜಾಲತಾಣದ ಬಜೆಟ್ ಪುಸ್ತಕಗಳಲ್ಲಿ ಲೆಕ್ಕಶೀರ್ಷಿಕೆ 2055 (ಸಂಬಳ, ದಿನನಿತ್ಯದ ಖರ್ಚು) ಮತ್ತು 4055 (ಬಂಡವಾಳ ವೆಚ್ಚ) ಹುಡುಕಿ. ಬಜೆಟ್ ಅಂದಾಜನ್ನಷ್ಟೇ ನೋಡಿ ನಿಲ್ಲಬೇಡಿ, ಪರಿಷ್ಕೃತ ಅಂದಾಜು ಮತ್ತು ವಾಸ್ತವ ಲೆಕ್ಕವನ್ನೂ ಹೋಲಿಸಿ.

ಪ್ರಶ್ನೆ: ಠಾಣೆಯಲ್ಲಿ ಹೊಡೆದರೆ ಪೊಲೀಸರ ಹೊರಗೆ ಯಾರಿಗೆ ದೂರು ಕೊಡಬಹುದು?
— ಓದುಗರು, ಕೆಂಗೇರಿ

ಉತ್ತರ: ಪೊಲೀಸ್ ದೂರು ಪ್ರಾಧಿಕಾರಕ್ಕೆ. ಪೊಲೀಸ್ ಸುಧಾರಣೆ ಕೋರಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಹುಟ್ಟಿದ ವ್ಯವಸ್ಥೆ ಇದು. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಬಹುದು. ಆದರೆ ಅದಕ್ಕೂ ಮೊದಲು ಸಿಸಿಟಿವಿ ದೃಶ್ಯ ಉಳಿಸಿಕೊಳ್ಳಿ. ಲಾಕಪ್, ವರಾಂಡ, ಒಳಬರುವ ಹೊರಹೋಗುವ ಬಾಗಿಲುಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಸಾಧ್ಯವಾಗದಿದ್ದರೆ ಕನಿಷ್ಠ 1 ವರ್ಷ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ತಾರೀಖು, ಗಂಟೆ, ಠಾಣೆಯ ಯಾವ ಭಾಗ ಎಂದು ಬರೆದು, ‘ಈ ದೃಶ್ಯ ಅಳಿಸಬೇಡಿ’ ಎಂಬ ಪತ್ರವನ್ನು ಆ ವಾರದಲ್ಲೇ ಡಿಸಿಪಿ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಗಾಯವಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಿ, ಹೇಗಾಯಿತೆಂದು ವೈದ್ಯರಿಗೆ ಹೇಳಿ ಬರೆಸಿ.