ಹಳೆಯ ದಂಡವನ್ನು ಕೇರ್ ಹೋಮ್ ಫಾರಂನಲ್ಲಿ ಹೇಳಬೇಕಾ?

ಕೇರ್ ಹೋಮ್ ಕೆಲಸದ ಅರ್ಜಿಯಲ್ಲಿ ಹಳೆಯ ದಂಡದ ವಿಷಯ ಹೇಳಬೇಕಾ ಅಂತ ಕೇಳಿದ್ದೀರಿ. ನಿಮಗೆ ಗೊಂದಲ ಆಗಿರುವುದು 'ಸ್ಪೆಂಟ್' (ಅವಧಿ ಮುಗಿದು, ಸಾಮಾನ್ಯವಾಗಿ ಹೇಳಬೇಕಿಲ್ಲದ ಶಿಕ್ಷೆ) ಅನ್ನುವ ಪದದಿಂದ ಅನಿಸುತ್ತದೆ. ಇಂಗ್ಲೆಂಡಿನಲ್ಲಿ ಎಂಟು ವರ್ಷದ ಹಿಂದೆ ಅಂಗಡಿ ಕಳವಿಗೆ ಬಿದ್ದ ದಂಡ 12 ತಿಂಗಳಿಗೇ ಸ್ಪೆಂಟ್ ಆಗಿದೆ, ಅಂಗಡಿ, ಗೋದಾಮಿನಂಥ ಕೆಲಸಕ್ಕೆ ಹೇಳಬೇಕಾಗಿಲ್ಲ. ಆದರೆ ಕೇರ್ ಹೋಮ್‌ನಲ್ಲಿ ವಯಸ್ಸಾದವರ ಆರೈಕೆಗೆ ಈ ಸ್ಪೆಂಟ್ ನಿಯಮ ಇರುವ 1974ರ ಕಾಯ್ದೆಯ (ರಿಹ್ಯಾಬಿಲಿಟೇಶನ್ ಆಫ್ ಅಫೆಂಡರ್ಸ್ ಆಕ್ಟ್) ರಕ್ಷಣೆ ಪೂರ್ತಿ ಸಿಗುವುದಿಲ್ಲ, ಶಿಕ್ಷೆಯಾಗಿ 11 ವರ್ಷ ತುಂಬುವವರೆಗೆ ಕೇರ್ ಹೋಮ್‌ನವರು ಕೇಳಿದರೆ ಹೇಳಲೇಬೇಕು.

ಮೊದಲು ಡಿಬಿಎಸ್ ತಪಾಸಣೆ (ಕೆಲಸಕ್ಕೆ ಮುಂಚೆ ಅಪರಾಧ ದಾಖಲೆ ನೋಡುವ ಸರ್ಕಾರಿ ತಪಾಸಣೆ) ಯಾವ ಮಟ್ಟದ್ದು ಅಂತ ಕೇಳಿ. ಬೇಸಿಕ್ ಆದರೆ ಇದು ಕಾಣಿಸುವುದಿಲ್ಲ, ಎನ್‌ಹಾನ್ಸ್‌ಡ್ ಆದರೆ ಕಾಣಿಸುತ್ತದೆ. ಆಮೇಲೆ ನಿಮ್ಮ ಪೊಲೀಸ್ ದಾಖಲೆಯ ನಕಲು ತರಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಸುಮ್ನೆ ನೆನಪಿನ ಮೇಲೆ ತಾರೀಖು ಬರೆಯಬೇಡಿ. ಬರೀ ದಂಡವೋ, ಅಮಾನತಿನ ಜೈಲೂ ಇತ್ತೋ ಅನ್ನುವುದು ನಿಮ್ಮ ಪ್ರಶ್ನೆಯಲ್ಲಿ ಸ್ಪಷ್ಟ ಇಲ್ಲ. ಜೈಲು ಇದ್ದರೆ, ಅಮಾನತಿನದಾದರೂ, 11 ವರ್ಷ ಕಳೆದ ಮೇಲೂ ಅವರು ಕೇಳಿದರೆ ಹೇಳಬೇಕು. ಏನಾಯಿತು, ಆಮೇಲೆ ಏನು ಬದಲಾಯಿತು ಅಂತ ಅರ್ಧ ಪುಟ ಬರೆದು ಫಾರಂ ಜೊತೆ ಕೊಡಿ.